ಐದು ರೂಪಾಯಿಯ ಕೀರ್ತಿ

ಸಹಕಾರಿಗಳ ಯಾವ ಸಭೆಯಲ್ಲಾದರೂ ಯಶಸ್ವಿನಿ ಆರೋಗ್ಯ ಯೋಜನೆಯ ಹೆಸರು ಬಂತೆಂದರೆ ಭಾಷಣಕಾರರಿಗೆ ಆ ಐದು ರೂಪಾಯಿ ನೆನಪಾಗದೆ ಇರುವುದಿಲ್ಲ. ತಿಂಗಳಿಗೆ ಐದು ರೂಪಾಯಿ ಕಟ್ಟಿದ ರೈತ ಹೃದಯದ ಆಪರೇಷನ್ ಮಾಡಿಸಿಕೊಂಡು ಊರಿಗೆ ನಡೆದು ಬಂದ ಕತೆ. ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇನೆ. ಈಚೆಗೆ ತುಮಕೂರಿನ ಕೋರ ಹೋಬಳಿಯ ಒಂದು ಡೈರಿಯ ಸಭೆಯಲ್ಲಿ ಮತ್ತೆ ಕೇಳಿದೆ. ಶಾಮಿಯಾನದ ಕೆಳಗಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ನನಗೆ ಕೈ ಏಳಲಿಲ್ಲ.

ಎಸ್.ಎಂ. ಕೃಷ್ಣ ಅವರ ಸರ್ಕಾರ, ಡಾ. ದೇವಿ ಶೆಟ್ಟಿಯವರ ಸಲಹೆ, 2003ರ ಜೂನ್‌ನ ಆರಂಭ, ಇವೆಲ್ಲ ಓದುಗರಿಗೆ ಗೊತ್ತಿರುವ ಸಂಗತಿ. ಲೆಕ್ಕವನ್ನು ಮಾತ್ರ ಇನ್ನೊಮ್ಮೆ ನೋಡಬೇಕು. ಸಹಕಾರ ಸಂಘದ ಸದಸ್ಯ ಕಟ್ಟಿದ್ದು ವರ್ಷಕ್ಕೆ 60 ರೂಪಾಯಿ. ಮೊದಲ ವರ್ಷವೇ ಅದರ ಮೇಲೆ ಸರ್ಕಾರ ತಲಾ 30 ರೂಪಾಯಿ ಹಾಕಿತ್ತು. ಖಾಸಗಿ ಆಸ್ಪತ್ರೆಗಳ ಆಪರೇಷನ್ ಥಿಯೇಟರುಗಳು ಅರ್ಧಕ್ಕರ್ಧ ಖಾಲಿ ಬಿದ್ದಿದ್ದವು. ಕಡಿಮೆ ದರಕ್ಕಾದರೂ ರೋಗಿ ಬರಲಿ ಎಂದು ಅವು ಒಪ್ಪಿಕೊಂಡವು. ಬಂಡಿ ಎಳೆದದ್ದು ಇಷ್ಟು ಜನ. ಹೂವಿನ ಹಾರ ಬಿದ್ದದ್ದು ಐದು ರೂಪಾಯಿಯ ಕೊರಳಿಗೆ.

ಯಶಸ್ವಿನಿಯಲ್ಲಿ ನಿಜಕ್ಕೂ ಮೆಚ್ಚಬೇಕಾದ್ದು ಅದರ ದರಪಟ್ಟಿ. ಹರ್ನಿಯಾಗೆ ಇಷ್ಟು, ಗರ್ಭಕೋಶಕ್ಕೆ ಇಷ್ಟು, ಹೃದಯದ ಕವಾಟಕ್ಕೆ ಇಷ್ಟು ಎಂದು ಮೊದಲೇ ಬರೆದಿಟ್ಟದ್ದು. ರೋಗಿಯ ಅಂಗಿ, ಕಾಲಿನ ಚಪ್ಪಲಿ ನೋಡಿ ಬಿಲ್ ಬರೆಯುವ ಅಭ್ಯಾಸಕ್ಕೆ ಆ ಪಟ್ಟಿ ಒಂದಿಷ್ಟಾದರೂ ಮೂಗುದಾರ ಹಾಕಿತು. ಹೊಗಳುವವರು ಈ ಮಾತೆತ್ತುವುದಿಲ್ಲ, ಕಾರಣವೂ ಇದೆ. 2017ರಲ್ಲಿ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ಇದೇ ದರಪಟ್ಟಿಯ ವಿಚಾರವನ್ನು ಎಲ್ಲ ರೋಗಿಗಳಿಗೂ ವಿಸ್ತರಿಸಲು ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದರು. ಆ ನವೆಂಬರ್‌ನಲ್ಲಿ ಬೆಳಗಾವಿಯಲ್ಲಿ ಅಧಿವೇಶನ ನಡೆಯುತ್ತಿದ್ದಾಗ ಖಾಸಗಿ ವೈದ್ಯರು ರಾಜ್ಯದಾದ್ಯಂತ ಬಾಗಿಲು ಹಾಕಿದರು. ಕೊನೆಗೆ ಪಾಸಾದ ಮಸೂದೆಯಲ್ಲಿ ಹೆಚ್ಚು ವಸೂಲಿ ಮಾಡಿದವರಿಗೆ ಜೈಲು ಎಂಬ ಮಾತು ಇರಲಿಲ್ಲ, ದರ ಕಟ್ಟುವುದು ಸರ್ಕಾರಿ ಯೋಜನೆಗಳ ರೋಗಿಗಳಿಗಷ್ಟೇ ಉಳಿಯಿತು. ಐದು ರೂಪಾಯಿಯನ್ನು ಹೊಗಳಲು ಯಾರಿಗೂ ಖರ್ಚಿಲ್ಲ. ದರಪಟ್ಟಿಯನ್ನು ಹೊಗಳಿದರೆ ಒಬ್ಬರ ಗಲ್ಲಾಪೆಟ್ಟಿಗೆಗೆ ಕೈ ಹಾಕಿದಂತಾಗುತ್ತದೆ.

ಇನ್ನು ಯೋಜನೆಯ ಪಠ್ಯಕ್ಕೆ ಬರೋಣ. ಯಶಸ್ವಿನಿ ಮೂಲದಲ್ಲಿ ಶಸ್ತ್ರಚಿಕಿತ್ಸೆಯ ಯೋಜನೆ. ಆಪರೇಷನ್ ಇಲ್ಲದೆ ಆಸ್ಪತ್ರೆಯಲ್ಲಿ ಮಲಗಿದರೆ ದುಡ್ಡಿಲ್ಲ. ಇದಕ್ಕೊಂದು ವಿನಾಯಿತಿಯ ಪಟ್ಟಿ ಸೇರಿತು: ಹಾವು ಕಡಿತ, ನಾಯಿ ಕಡಿತ, ಎತ್ತು ತಿವಿದ ಗಾಯ, ನೀರಿನಲ್ಲಿ ಮುಳುಗಿದ್ದು, ಕೃಷಿ ಉಪಕರಣದಿಂದಾದ ಪೆಟ್ಟು. ಸರ್ಕಾರಿ ಕಡತದಲ್ಲಿ ಇಂಥ ಸಾಲು ಅಪರೂಪ. ಬರೆದವರು ಹೊಲ, ಬಾವಿ, ಕೊಟ್ಟಿಗೆ ಕಂಡವರು. ಎಷ್ಟು ಸಲ ಓದಿದರೂ ಆ ಎತ್ತಿನ ಕೊಂಬಿಗೆ ಬಂದಾಗ ನನಗೆ ಖುಷಿಯಾಗುತ್ತದೆ.

ಮತ್ತೆ ಓದಿ. ಪಟ್ಟಿಯಲ್ಲಿರುವುದೆಲ್ಲ ಒಂದು ಗಳಿಗೆಯಲ್ಲಿ ಆಗುವಂಥದ್ದು. ಹಾವು ಕಚ್ಚಿದ ಹೊತ್ತನ್ನು ಹೇಳಬಹುದು, ಎತ್ತು ತಿವಿದ ದಿನವನ್ನು ಬರೆದುಕೊಳ್ಳಬಹುದು. ಬಿಪಿ ಯಾವತ್ತು ಶುರುವಾಯಿತು? ಸಕ್ಕರೆ ಕಾಯಿಲೆ ಯಾವ ಸೋಮವಾರ ಒಳಗೆ ಬಂತು? ನಿಧಾನವಾಗಿ ಸವೆಯುವ ದೇಹಕ್ಕೆ ಈ ಪಠ್ಯದಲ್ಲಿ ಒಂದು ಪದವೂ ಇಲ್ಲ. ವೈದ್ಯರನ್ನು ಕಾಣುವುದು ಉಚಿತವಾಗಿತ್ತು, ಅವರು ಬರೆದುಕೊಟ್ಟ ಮಾತ್ರೆ ಉಚಿತವಾಗಿರಲಿಲ್ಲ. ಕಾಲು ಕೊಳೆತು ಕತ್ತರಿಸುವ ಹಂತ ಬಂದರೆ ಯೋಜನೆ ಮಾತಾಡುತ್ತದೆ. ಕಾಲು ಉಳಿಸುವ ಇಪ್ಪತ್ತು ವರ್ಷದ ಮಾತ್ರೆಗೆ ಅದು ಮೂಕ. ನಮ್ಮ ಜಿಲ್ಲೆಯದೇ ಉದಾಹರಣೆ ಬೇಕೆ? ಪಾವಗಡದ ಕಡೆ ಫ್ಲೋರೈಡ್ ನೀರು ಕುಡಿದು ಬೆನ್ನು ಬಾಗಿದವರಿಗೆ ಆಪರೇಷನ್ ಪರಿಹಾರವಲ್ಲ. ಅವರ ಔಷಧಿ ನಲ್ಲಿಯಲ್ಲಿ ಬರಬೇಕು.

ಆ ಸಭೆಯ ದಿನ ಬೆಳಗ್ಗೆ ಡೈರಿಯ ಸರದಿಯಲ್ಲಿ ಒಬ್ಬ ಅಜ್ಜಿ ನಿಂತಿದ್ದರು. ಫ್ಯಾಟ್ ನೋಡಿ ಹಾಲು ಅಳೆಸಿದ ಮೇಲೆ ಸೆರಗಿನ ಗಂಟು ಬಿಚ್ಚಿ ಮಾತ್ರೆಯ ಹಾಳೆ ತೋರಿಸಿದರು. ಹತ್ತರಲ್ಲಿ ಎರಡು ಉಳಿದಿತ್ತು. ‘ಆಸ್ಪತ್ರೇಲಿ ಇದ್ರೆ ಕೊಡ್ತಾರೆ ಕಣಪ್ಪ, ಇಲ್ದಿದ್ರೆ ಹಾಲಿನ ಬಟವಾಡೆ ಆಗೋಗಂಟ ದಿನ ಬಿಟ್ಟು ದಿನ ನುಂಗ್ತೀನಿ’ ಎಂದರು. ಯಶಸ್ವಿನಿ ಕಾರ್ಡು ಅವರ ಬಳಿ ಇತ್ತು.

ಇಷ್ಟು ಬರೆದರೆ ಎರಡು ಕಡೆಯಿಂದ ಕಲ್ಲು ಬೀಳುತ್ತವೆ. ಅಂಕಿಅಂಶದ ಪಂಡಿತರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನ 2014ರ ಅಧ್ಯಯನ ಹಿಡಿದು ಬರುತ್ತಾರೆ: ಉತ್ತರ ಕರ್ನಾಟಕದಲ್ಲಿ ಯೋಜನೆ ಇದ್ದ ಹಳ್ಳಿಗಳ ಬಡವರಲ್ಲಿ, ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದಾಗುವ ಸಾವು ಶೇ. 64ರಷ್ಟು ಕಡಿಮೆ, ಆಸ್ಪತ್ರೆಗೆ ಕೈಯಿಂದ ಸುರಿಯುವ ಖರ್ಚು ಶೇ. 34ರಷ್ಟು ಕಡಿಮೆ. ಒಪ್ಪಿದೆ. ಆದರೆ ಸ್ವಾಮಿ, ಅದು 2010ರ ವಾಜಪೇಯಿ ಆರೋಗ್ಯಶ್ರೀಯ ಲೆಕ್ಕ. ಅಲ್ಲಿ ಕಂತೂ ಇರಲಿಲ್ಲ, ಸಂಘದ ಸದಸ್ಯತ್ವವೂ ಇರಲಿಲ್ಲ. ಬಿಪಿಎಲ್ ಆಗಿದ್ದರೆ ಸಾಕಿತ್ತು, ಆಸ್ಪತ್ರೆಯವರೇ ಹಳ್ಳಿಗೆ ಬಂದು ಶಿಬಿರ ಹಾಕಿ ರೋಗಿಯನ್ನು ಹುಡುಕುತ್ತಿದ್ದರು. ನಿಮ್ಮ ಪುರಾವೆ ಐದು ರೂಪಾಯಿಯ ವಿರುದ್ಧವೇ ಸಾಕ್ಷಿ ಹೇಳುತ್ತಿದೆ.

ಇನ್ನೊಂದು ಕಡೆಯವರು ನನ್ನ ಗೆಳೆಯರು. ವಿಮೆಯೆಲ್ಲ ಖಾಸಗಿಯವರ ಹುನ್ನಾರ, ಸರ್ಕಾರಿ ಆಸ್ಪತ್ರೆ ಗಟ್ಟಿ ಮಾಡಿ ಎನ್ನುವವರು. ಅವರ ಜೊತೆ ನನ್ನ ಜಗಳ ಸ್ವಲ್ಪವೇ: ಆಸ್ಪತ್ರೆ ಗಟ್ಟಿಯಾಗುವವರೆಗೆ ಕವಾಟ ಕೆಟ್ಟ ಹುಡುಗಿ ಎಲ್ಲಿ ಹೋಗಬೇಕೆಂದು ಅವರು ಹೇಳುವುದಿಲ್ಲ. ಹೇಳಲು ಉತ್ತರ ಇತ್ತು, ಸರ್ಕಾರದ ಜಯದೇವ ಹೃದ್ರೋಗ ಆಸ್ಪತ್ರೆ. ‘ಮೊದಲು ಚಿಕಿತ್ಸೆ, ಆಮೇಲೆ ಹಣ’ ಎಂದು ಅದನ್ನು ನಡೆಸಿದ ಡಾ. ಸಿ.ಎನ್. ಮಂಜುನಾಥ್ 2024ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಲೋಕಸಭೆಗೆ ನಿಂತರು. ನಮ್ಮ ಜಿಲ್ಲೆಯ ಕುಣಿಗಲ್ ಆ ಕ್ಷೇತ್ರದಲ್ಲೇ ಇದೆ. ಗೆದ್ದರು. ಆಸ್ಪತ್ರೆ ನಡೆಸಿದವರೇ ಅಭ್ಯರ್ಥಿಯಾಗಿದ್ದ ಆ ಚುನಾವಣೆಯಲ್ಲೂ ನನ್ನ ಕಿವಿಗೆ ಬಿದ್ದದ್ದು ಜಾತಿ, ಕುಟುಂಬ, ಗ್ಯಾರಂಟಿಯ ಮಾತೇ.

ಪಕ್ಷಗಳಿಗೆ ಈ ವಿಷಯದಲ್ಲಿ ಗೊತ್ತಿರುವುದು ನಾಮಕರಣ. 2018ರಲ್ಲಿ ಯಶಸ್ವಿನಿಯನ್ನು ಆರೋಗ್ಯ ಕರ್ನಾಟಕದಲ್ಲಿ ಕರಗಿಸಿದರು, ಅದೇ ವರ್ಷ ಆಯುಷ್ಮಾನ್ ಭಾರತ್ ಹೆಸರು ಮುಂದೆ ಅಂಟಿತು. ಸಹಕಾರಿಗಳು ಗಲಾಟೆ ಮಾಡಿದ ಮೇಲೆ ಯಶಸ್ವಿನಿ ಮತ್ತೆ ಬಂತು: ಗ್ರಾಮೀಣ ಕುಟುಂಬದ ನಾಲ್ವರಿಗೆ 500 ರೂಪಾಯಿ, ಐದು ಲಕ್ಷದ ಮಿತಿ, 1,650 ಚಿಕಿತ್ಸೆ, 478 ಐಸಿಯು ಚಿಕಿತ್ಸೆ. ಎರಡು ಸಾವಿರ ದಾಟಿದ ಈ ಪಟ್ಟಿಯೂ ಆಸ್ಪತ್ರೆಯ ಹಾಸಿಗೆಯಿಂದಲೇ ಶುರುವಾಗುತ್ತದೆ. ಅಜ್ಜಿಯ ಮಾತ್ರೆ ಇನ್ನೂ ಹೊರಗೇ ಇದೆ. ‘ಸದಸ್ಯ’ ಎಂಬ ಪದವೂ ಕೂತಲ್ಲೇ ಇದೆ. ಹಸು ಇಲ್ಲದವನು ಡೈರಿಯ ಸದಸ್ಯನಲ್ಲ, ಜಮೀನಿಲ್ಲದವನಿಗೆ ಪತ್ತಿನ ಸಂಘದಲ್ಲಿ ಸಾಲ ಹುಟ್ಟುವುದಿಲ್ಲ.

ಕಾರ್ಡು ಇದ್ದವರಿಗೆ ಬಾಗಿಲು ಎಂಬುದು ನಮ್ಮ ಆಸ್ಪತ್ರೆಗಳಿಗೆ ಅಭ್ಯಾಸವಾಗಿದೆ. ಹೊಸ ಯಶಸ್ವಿನಿಯ ನೋಂದಣಿ ಶುರುವಾದದ್ದು 2022ರ ನವೆಂಬರ್‌ನಲ್ಲಿ. ಅದೇ ತಿಂಗಳ ಮೊದಲ ವಾರ ತುಮಕೂರಿನಲ್ಲಿ ಹೆರಿಗೆ ನೋವು ತಿನ್ನುತ್ತಿದ್ದ ಬಡ ಹೆಂಗಸೊಬ್ಬಳನ್ನು ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಎಂದು ಜಿಲ್ಲಾಸ್ಪತ್ರೆಯಿಂದ ವಾಪಸ್ ಕಳಿಸಿದರೆಂದು ಎಲ್ಲ ಪತ್ರಿಕೆಗಳೂ ಬರೆದವು. ಮನೆಯಲ್ಲಿ ಅವಳೂ ಅವಳಿ ಕೂಸುಗಳೂ ತೀರಿಕೊಂಡರು. ವೈದ್ಯೆ ಮತ್ತು ದಾದಿಯರ ಅಮಾನತಾಯಿತು. ಆ ಆಸ್ಪತ್ರೆಯಲ್ಲಿ ಹೆರಿಗೆ ಉಚಿತ.