ಸಂಶೋಧನೆಯಲ್ಲಿ ಕಳವು ಮತ್ತು ಸುಳ್ಳು

ಪರರ ಮಾತನ್ನು ತನ್ನದೆನ್ನುವುದು ಕಳವು. ಇಲ್ಲದ ಸಂಗತಿಯನ್ನು ಇದೆಯೆನ್ನುವುದು ಸುಳ್ಳು. ಸಂಶೋಧನೆಗೆ ಎರಡೂ ಕೇಡೇ. ಆದರೆ ನಮ್ಮ ದೇಶದ ಮುಖ್ಯ ನಿಬಂಧನೆಯೊಂದು ಕಳವನ್ನು ಹಿಡಿಯುವಷ್ಟು ಚೆನ್ನಾಗಿ ಸುಳ್ಳನ್ನು ಹಿಡಿಯಲಾರದು.

ಕೃತಿಚೌರ್ಯವನ್ನು ತಡೆಯುವುದಕ್ಕಾಗಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2018ರಲ್ಲಿ ನಿಬಂಧನೆಗಳನ್ನು ಹೊರಡಿಸಿತು. ಅದರಂತೆ ದೂರನ್ನು ಮೊದಲು ವಿಭಾಗದ ಸಮಿತಿಯೂ ಅನಂತರ ಸಂಸ್ಥೆಯ ಸಮಿತಿಯೂ ವಿಚಾರಿಸಬೇಕು. ಒಂದೊಂದಕ್ಕೂ 45 ದಿನಗಳ ಅವಧಿ. ಪ್ರಬಂಧದಲ್ಲಿ ಹೋಲಿಕೆ ಶೇಕಡ 10ರ ವರೆಗಿದ್ದರೆ ದಂಡವಿಲ್ಲ. 40ರ ವರೆಗಿದ್ದರೆ ಆರು ತಿಂಗಳೊಳಗೆ ತಿದ್ದಿ ಒಪ್ಪಿಸಬೇಕು. 60ರ ವರೆಗಿದ್ದರೆ ಒಂದು ವರ್ಷ ಒಪ್ಪಿಸುವಂತಿಲ್ಲ. ಅದನ್ನು ಮೀರಿದರೆ ನೋಂದಣಿಯೇ ರದ್ದು. ತಪ್ಪಿನ ಅಳತೆಗೆ ತಕ್ಕ ದಂಡವೆಂಬ ಈ ನ್ಯಾಯ ಮೆಚ್ಚತಕ್ಕದ್ದೇ. ಪರರ ವಿಚಾರವನ್ನು ಅಪಹರಿಸುವುದೂ ಚೌರ್ಯವೆಂದು ನಿಬಂಧನೆ ಒಪ್ಪುತ್ತದೆ. ಆದರೂ ತಕ್ಕಡಿಯಲ್ಲಿ ತೂಗುವುದು ಮಾತಿನ ಹೋಲಿಕೆಯನ್ನು. ತಮಿಳು ಗ್ರಂಥವೊಂದರ ವಾದವನ್ನು ಸದ್ದಿಲ್ಲದೆ ಕನ್ನಡಕ್ಕಿಳಿಸಿದರೆ ಈ ತಕ್ಕಡಿ ಅಲುಗುವುದು ಕಷ್ಟ. ಎಂದೂ ಅಚ್ಚಾಗದ ಜನಪದ ಹಾಡನ್ನು ತಿರುಚಿದರೆ ಹೋಲಿಸಿ ನೋಡಲು ಮೂಲವೇ ಇಲ್ಲ.

ಸುಳ್ಳಿನ ಬಲವೆಷ್ಟೆಂಬುದಕ್ಕೆ ಪಂಜಾಬ್ ವಿಶ್ವವಿದ್ಯಾನಿಲಯದ ವಿ. ಜೆ. ಗುಪ್ತರ ಪ್ರಕರಣವೇ ಸಾಕ್ಷಿ. ಹೊರದೇಶದ ಪಳೆಯುಳಿಕೆಗಳನ್ನು ಹಿಮಾಲಯದಲ್ಲಿ ದೊರೆತವೆಂದು ಅವರು ವರ್ಷಗಟ್ಟಲೆ ಬರೆದರೆಂದು ಆಸ್ಟ್ರೇಲಿಯದ ಜಾನ್ ಟ್ಯಾಲೆಂಟ್ 1989ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಯಲಿಗೆಳೆದರು. ಅಲ್ಲಿ ಮುಖ್ಯ ಪ್ರಶ್ನೆ ಕದ್ದ ವಾಕ್ಯಗಳದಾಗಿರಲಿಲ್ಲ. ನೆಲದ ಹೆಸರೇ ಸುಳ್ಳಾಗಿತ್ತು. ವಿಚಾರಣೆಯಲ್ಲಿ ದೋಷ ಸಿದ್ಧವಾದರೂ ಅವರು ಕೆಲಸ ಕಳೆದುಕೊಳ್ಳಲಿಲ್ಲ. ಕೆಟ್ಟ ಹೆಸರು ಹಿಮಾಲಯದ ಭೂವಿಜ್ಞಾನಕ್ಕೆ ಬಂತು.

ನೆಲದ ಹೆಸರು ಸುಳ್ಳಾಗುವ ಅಪಾಯ ನಮ್ಮ ಸೀಮೆಗೂ ಇದೆ. ಹೊಸೂರು, ಕೃಷ್ಣಗಿರಿಗಳ ಸುತ್ತ ವೀರಗಲ್ಲುಗಳು ಹೇರಳ. ಕನ್ನಡ, ತೆಲುಗು, ತಮಿಳು ಮೂರೂ ಇಲ್ಲಿನ ಮನೆಮಾತುಗಳು. ಸಾನಮಾವಿನ ಕಾಡಂಚಿನಲ್ಲಿ ಇಂಥದೊಂದು ಕನ್ನಡ ಶಾಸನವಿದೆಯೆಂದು ಪ್ರಬಂಧಕಾರನೊಬ್ಬ ಬರೆದನೆನ್ನೋಣ. ನಗರದ ಸಮಿತಿ ಶೇಕಡವನ್ನು ಎಣಿಸೀತು. ಕಲ್ಲು ಇದೆಯೇ ಎಂದು ನಡೆದು ಹೋಗಿ ನೋಡಬಲ್ಲವರು ಇಲ್ಲಿನ ಶಾಲೆಯ ಉಪಾಧ್ಯಾಯರೇ. ಗಡಿನಾಡಿನಲ್ಲಿ ಕನ್ನಡದ ಹಕ್ಕು ಇಂತಹ ಸಾಕ್ಷ್ಯಗಳ ಮೇಲೆ ನಿಂತಿದೆ. ಒಂದು ಕಲ್ಲು ಸುಳ್ಳೆಂದು ತಿಳಿದರೆ ನಿಜವಾದ ನೂರು ಕಲ್ಲುಗಳನ್ನೂ ಜನ ಶಂಕಿಸುತ್ತಾರೆ. ಅಭಿಮಾನ ಸಾಕ್ಷ್ಯದ ಸ್ಥಾನಕ್ಕೆ ಬರಲಾರದು.

ಆದುದರಿಂದ ಈ ಸೀಮೆಯನ್ನು ಕುರಿತ ಪ್ರತಿಯೊಂದು ಪ್ರಬಂಧದಲ್ಲಿಯೂ ಕಲ್ಲಿರುವ ಎಡೆ, ನೋಡಿದ ದಿನ, ಪಡಿಯಚ್ಚು, ಹಾಡಿದವರ ಒಪ್ಪಿಗೆಯಿದ್ದರೆ ಅವರ ಹೆಸರು ಇವೆಲ್ಲ ಇರಬೇಕು. ಅದರ ಪ್ರತಿಯೊಂದು ಊರಿಗೆ ಬರಬೇಕು. ಸಂದೇಹ ಬಂದಾಗ ಸಮಿತಿ ಸ್ಥಳವನ್ನು ಬಲ್ಲವರೊಬ್ಬರನ್ನು ಕರೆದು ಕೇಳಬೇಕು. ಅಂತಹ ಕರೆಗೆ ಕಾಯದೆ, ಓದಿದ್ದನ್ನು ಹೋಗಿ ನೋಡಿ, ಕಂಡದ್ದನ್ನು ಕಂಡಂತೆ ಬರೆದಿಡುವ ಕೆಲಸವನ್ನು ಉಪಾಧ್ಯಾಯರು ಈಗಲೇ ತೊಡಗಬಹುದು.