ದ್ರಾವಿಡ್ ಒಪ್ಪಿದ ಕೆಲಸ, ಬಿಟ್ಟ ಕೆಲಸ

ರಾಹುಲ್ ದ್ರಾವಿಡ್ ಹೆಸರು ಬಂದರೆ ನಮ್ಮ ಕಡೆ ಮಾತು ಒಂದೇ ದಾರಿ ಹಿಡಿಯುತ್ತದೆ: ಸಜ್ಜನ, ಮಿತಭಾಷಿ, ತಂಡ ಕೇಳಿದರೆ ಕೀಪಿಂಗ್ ಗ್ಲೌಸನ್ನೂ ತೊಟ್ಟವರು. ಅವರ ಕೋಚ್ ಕೆಲಸವನ್ನು ಅಳೆಯುವಾಗಲೂ ಇಷ್ಟೇ ಸಾಕು ಅಂದುಕೊಂಡುಬಿಡುತ್ತೇವೆ. ನನಗೆ ಸಾಲದು. ಕೋಚ್ ಆದವರು ಯಾವ ಕೆಲಸ ಒಪ್ಪಿಕೊಂಡರು, ಯಾವುದನ್ನು ಬಿಟ್ಟರು, ಯಾವಾಗ ಬಿಟ್ಟರು ಅನ್ನುವುದನ್ನು ನೋಡಬೇಕು.

2015ರಲ್ಲಿ ಅವರು ಒಪ್ಪಿದ್ದು ಭಾರತ ‘ಎ’ ಮತ್ತು 19 ವರ್ಷದೊಳಗಿನವರ ತಂಡಗಳನ್ನು. ಟಿ.ವಿ. ಕ್ಯಾಮೆರಾ ಅಪರೂಪಕ್ಕೆ ತಿರುಗುವ ಮೈದಾನ, ಜನ ಹೆಸರು ಕೇಳಿರದ ಹುಡುಗರು. ಅಲ್ಲಿ ಅವರು ಪಟ್ಟು ಹಿಡಿದ ಎರಡು ಸಂಗತಿ ನನಗೆ ಅವರ ಎಷ್ಟೋ ಶತಕಗಳಷ್ಟೇ ದೊಡ್ಡವು. ‘ಎ’ ತಂಡದ ಜೊತೆ ಪ್ರವಾಸ ಹೊರಟ ಪ್ರತಿಯೊಬ್ಬನಿಗೂ ಆಡಲು ಪಂದ್ಯ ಸಿಗಲೇಬೇಕು. 19 ವರ್ಷದೊಳಗಿನವರ ವಿಶ್ವಕಪ್ಪನ್ನು ಒಬ್ಬ ಹುಡುಗ ಒಂದೇ ಸಲ ಆಡಬೇಕು.

ಎಲ್ಲರಿಗೂ ಪಂದ್ಯ ಎಂಬ ನಿಯಮದ ಬೆಲೆ ಭೇರ್ಯ ಊರಿನ ಸುತ್ತ ಭತ್ತ ಕೊಯ್ದ ಗದ್ದೆಯಲ್ಲಿ ಟೆನಿಸ್ ಬಾಲ್ ಪಂದ್ಯ ನೋಡಿದವರಿಗೆ ಬೇಗ ತಿಳಿಯುತ್ತದೆ. ಪ್ರತಿ ತಂಡದಲ್ಲೂ ಒಬ್ಬ ಇರುತ್ತಾನೆ. ಬಾಲು ಹೆಕ್ಕಲು ಕಾಲುವೆಗೆ ಇಳಿಯುವವನು ಅವನೇ, ಸಂಜೆಯಾದರೂ ಬ್ಯಾಟ್ ಮಾತ್ರ ಕೈಗೆ ಬರುವುದಿಲ್ಲ. ಅವನು ಚೆನ್ನಾಗಿ ಆಡುತ್ತಾನೋ ಇಲ್ಲವೋ ಅನ್ನುವುದು ಕೊನೆಗೂ ಯಾರಿಗೂ ಗೊತ್ತಾಗುವುದಿಲ್ಲ. ದ್ರಾವಿಡ್ ಯೋಚಿಸಿದ್ದು ಅಂಥವನ ಬಗ್ಗೆ. ಹಾಗೆಂದು ಗೆಲುವಿಗೇನೂ ಕುಂದಾಗಲಿಲ್ಲ. 2016ರಲ್ಲಿ ಫೈನಲ್‌ನಲ್ಲಿ ಸೋತ 19 ವರ್ಷದೊಳಗಿನವರ ತಂಡ 2018ರಲ್ಲಿ ನ್ಯೂಜಿಲೆಂಡ್‌ನಲ್ಲಿ ಕಪ್ ಗೆದ್ದಿತು. ಆಗ ಕ್ರಿಕೆಟ್ ಮಂಡಳಿ ದ್ರಾವಿಡ್ ಅವರಿಗೆ 50 ಲಕ್ಷ ರೂಪಾಯಿ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಘೋಷಿಸಿತು. ಈ ತಾರತಮ್ಯ ಯಾಕೆ ಎಂದು ಅವರು ಕೇಳಿದರು. ಕೊನೆಗೆ ಎಲ್ಲರಿಗೂ ಸಮನಾಗಿ 25 ಲಕ್ಷ ಸಿಕ್ಕಿತು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ವಿಮರ್ಶೆಯಾಗದು, ಸನ್ಮಾನ ಪತ್ರವಾದೀತು. ಅದೇ ಅವಧಿಯಲ್ಲಿ ಅವರು ಐಪಿಎಲ್‌ನ ಡೆಲ್ಲಿ ತಂಡಕ್ಕೂ ಮಾರ್ಗದರ್ಶಕರಾಗಿದ್ದರು. 2017ರಲ್ಲಿ ಇತಿಹಾಸಕಾರ ರಾಮಚಂದ್ರ ಗುಹಾ ಕ್ರಿಕೆಟ್ ಮಂಡಳಿಯ ಆಡಳಿತಗಾರರ ಸಮಿತಿಗೆ ರಾಜೀನಾಮೆ ಕೊಟ್ಟಾಗ, ರಾಷ್ಟ್ರೀಯ ಕೋಚ್‌ಗಳಿಗೆ ಹತ್ತು ತಿಂಗಳ ಕರಾರು ಮಾಡಿ ಉಳಿದೆರಡು ತಿಂಗಳು ಐಪಿಎಲ್‌ಗೆ ಬಿಡುವ ಪದ್ಧತಿಯನ್ನು ಖಂಡಿಸಿದರು. ಆ ಮಾತು ದ್ರಾವಿಡ್‌ಗೂ ತಾಗುವಂಥದ್ದು. ಆ ವರ್ಷವೇ ಅವರು ಡೆಲ್ಲಿಯನ್ನು ಬಿಟ್ಟು ಹುಡುಗರನ್ನು ಉಳಿಸಿಕೊಂಡರು. ಆಯ್ಕೆ ಸರಿಯಾದದ್ದೇ. ಆದರೆ ಪ್ರಶ್ನೆ ಏಳುವ ಮೊದಲೇ ಅವರು ಅದನ್ನು ಮಾಡಬೇಕಿತ್ತು. ಅವರ ಸಜ್ಜನಿಕೆಯ ಮೇಲಿನ ಭರವಸೆಯಿಂದ ನಾವೂ ಕೇಳದೆ ಸುಮ್ಮನಿದ್ದೆವು.

ಹಿರಿಯರ ತಂಡದ ಕೋಚ್ ಹುದ್ದೆಗೆ ಅವರು ಹಿಂಜರಿಯುತ್ತಲೇ 2021ರ ನವೆಂಬರ್‌ನಲ್ಲಿ ಬಂದರು. ಇಲ್ಲಿ ಅವರ ಎಚ್ಚರಿಕೆಯ ಸ್ವಭಾವ ಕೆಲವು ಸಲ ತಂಡಕ್ಕೆ ಭಾರವಾಯಿತು. 2022ರ ಟಿ20 ವಿಶ್ವಕಪ್ ಸೆಮಿಫೈನಲ್‌ನಲ್ಲಿ ಅಡಿಲೇಡ್‌ನಲ್ಲಿ ಇಂಗ್ಲೆಂಡ್ ಎದುರು ಹತ್ತು ವಿಕೆಟ್ ಸೋಲು. ಬ್ಯಾಟಿಂಗ್ ಆರಂಭದಲ್ಲೇ ಅಳುಕಿತ್ತು. 2023ರಲ್ಲಿ ಓವಲ್‌ನ ಟೆಸ್ಟ್ ಫೈನಲ್‌ಗೆ ಅಶ್ವಿನ್ ಅವರನ್ನು ಕೈಬಿಟ್ಟದ್ದನ್ನು ನಾನು ಇಂದಿಗೂ ಒಪ್ಪಲಾರೆ. ಅದೇ ವರ್ಷ ಅಹಮದಾಬಾದಿನ ವಿಶ್ವಕಪ್ ಫೈನಲ್ ಸೋಲಿನ ನಂತರ ಕರಾರು ಮುಗಿದಿತ್ತು, ಗೌರವದಿಂದಲೇ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. 2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ಕೊಹ್ಲಿ ಟಿ20 ವಿಶ್ವಕಪ್ ಟ್ರೋಫಿ ತಂದು ಕೈಗಿತ್ತಾಗ ಅವರು ಎರಡೂ ಕೈಯಲ್ಲಿ ಎತ್ತಿಹಿಡಿದು ಗಂಟಲು ಹರಿಯುವಂತೆ ಕೂಗಿದರು. ‘ಇಂದಿರಾನಗರದ ಗೂಂಡಾ’ ಜಾಹೀರಾತಿನಲ್ಲಿ ನಟಿಸಿದ ಸಿಟ್ಟು ನೋಡಿ ನಕ್ಕಿದ್ದೆವಲ್ಲ, ಇದು ನಟನೆಯಲ್ಲ. ಗೆಲ್ಲಲೇಬೇಕೆಂಬ ಆ ಹಸಿವು ಮೊದಲಿನಿಂದಲೂ ಅವರಲ್ಲಿತ್ತು. ಮಿತಭಾಷಿ ಎಂಬ ಬಿರುದು ಅದನ್ನು ಮುಚ್ಚಿತ್ತು.

ನಂತರ ಐಪಿಎಲ್‌ನ ರಾಜಸ್ಥಾನ್ ರಾಯಲ್ಸ್ ತಂಡದ ಕೋಚ್ ಆದರು. ಬೆಂಗಳೂರಿನ ಕ್ಲಬ್ ಪಂದ್ಯದಲ್ಲಿ ಕಾಲಿಗೆ ಪೆಟ್ಟಾಗಿ ಊರುಗೋಲಿನಲ್ಲೇ ಅಭ್ಯಾಸಕ್ಕೆ ಬಂದರು. ತಂಡ ಮಾತ್ರ 2025ರಲ್ಲಿ ಒಂಬತ್ತನೇ ಸ್ಥಾನಕ್ಕೆ ಇಳಿಯಿತು. ಇನ್ನೂ ವಿಸ್ತಾರವಾದ ಹುದ್ದೆ ಕೊಡುತ್ತೇವೆಂದರೂ ಒಪ್ಪಲಿಲ್ಲವೆಂದು ಫ್ರಾಂಚೈಸಿಯೇ ಆಗಸ್ಟ್‌ನಲ್ಲಿ ತಿಳಿಸಿತು. ಅವರು ಬಿಟ್ಟದ್ದಕ್ಕೆ ನನಗೆ ಬೇಸರವಿಲ್ಲ. ಹರಾಜಿನಲ್ಲಿ ಕೊಂಡ ಆಟಗಾರರನ್ನು ಎರಡು ತಿಂಗಳು ನಡೆಸುವುದು ಬೇರೆಯವರಿಂದಲೂ ಆದೀತು. ಹದಿನೇಳರ ಹುಡುಗನಿಗೆ ನಿನಗೂ ಒಂದು ಪಂದ್ಯ ಖಂಡಿತ ಇದೆ ಎಂದು ಹೇಳಿ ಆಡಿಸುವುದು ಅವರಿಂದ ಆಗುತ್ತದೆ. ಅವರು ಮತ್ತೆ ಆ ಕೆಲಸಕ್ಕೇ ಬರಲಿ ಎಂದು ಬಯಸುತ್ತೇನೆ.