ಕಲ್ಲನ್ನು ಓದಿದರು, ಕಾಗದ ಉಳಿಯಿತು

ತೇರದಾಳದ ನೇಮಿನಾಥ ಬಸದಿಯ ಶಾಸನವನ್ನು ಜೆ.ಎಫ್. ಫ್ಲೀಟ್ ಪ್ರಕಟಿಸಿದ್ದು 1885ರಲ್ಲಿ, 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ. ರಬಕವಿ-ಬನಹಟ್ಟಿಯ ಮಗ್ಗುಲಲ್ಲೇ ಇರುವ ಈ ಊರನ್ನು ಹನ್ನೆರಡನೆಯ ಶತಮಾನದಲ್ಲಿ ಗೊಂಕನೆಂಬ ಮಾಂಡಲಿಕ ಆಳುತ್ತಿದ್ದ. ಅವನು ಕಟ್ಟಿಸಿದ ಬಸದಿ, ಅದಕ್ಕೆ ಸಂದ ದತ್ತಿ ಎಲ್ಲವೂ ಆ ಕಲ್ಲಿನಲ್ಲಿವೆ. ಅದೇ ದಶಕದಲ್ಲಿ ಅದೇ ಫ್ಲೀಟ್ ಇನ್ನೊಂದು ಕೆಲಸವನ್ನೂ ಮಾಡಿದ. ಊರೂರಿನ ಲಾವಣಿಗಳನ್ನು ಬರೆಸಿಕೊಂಡು ಅಚ್ಚು ಹಾಕಿಸಿದ. ಮುಧೋಳ ಸೀಮೆಯ ಹಲಗಲಿ ಬೇಡರ ಲಾವಣಿ ನಮಗೆ ಉಳಿದದ್ದು ಹಾಗೆ. ಕಲ್ಲನ್ನು ಓದಿದವನೇ ಹಾಡನ್ನೂ ಕೇಳಿಸಿಕೊಂಡಿದ್ದ. ಅವನ ನಂತರ ಬೆಳೆದ ಧಾರವಾಡದ ಇತಿಹಾಸ ಪರಂಪರೆ ಈ ಎರಡು ದಾರಿಗಳಲ್ಲಿ ಒಂದನ್ನೇ ಹೆದ್ದಾರಿ ಮಾಡಿಕೊಂಡಿತೆಂಬುದು ನನ್ನ ತಕರಾರು.

ಆ ಹೆದ್ದಾರಿ ದೊಡ್ಡದು, ಅನುಮಾನವಿಲ್ಲ. 1939ರಲ್ಲಿ ಹುಟ್ಟಿದ ಕನ್ನಡ ಸಂಶೋಧನ ಸಂಸ್ಥೆ, ಆರ್.ಎಸ್. ಪಂಚಮುಖಿಯವರಿಂದ ಆರಂಭವಾದ ಶಾಸನ ಸಂಪುಟಗಳು, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪಿ.ಬಿ. ದೇಸಾಯಿ, ಜಿ.ಎಸ್. ದೀಕ್ಷಿತ್, ಶ್ರೀನಿವಾಸ ರಿತ್ತಿ ಅವರು ಮಾಡಿದ ಕೆಲಸ ಇವೆಲ್ಲ ಇಲ್ಲದಿದ್ದರೆ ಬಾದಾಮಿಯಿಂದ ಕಲ್ಯಾಣದವರೆಗಿನ ಚರಿತ್ರೆ ನಮಗೆ ಇಂದಿನಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ದೀಕ್ಷಿತರು ಮಧ್ಯಯುಗದ ಕರ್ನಾಟಕದ ಸ್ಥಳೀಯ ಆಡಳಿತದ ಬಗ್ಗೆ ಬರೆದ ಪುಸ್ತಕವನ್ನು ಓದಿದವರಿಗೆ ಶಾಸನದಿಂದ ಹಳ್ಳಿಯೊಂದರ ಬದುಕನ್ನು ಎಷ್ಟು ಹಿಂಡಬಹುದೆಂಬುದು ಗೊತ್ತು. ಅಲ್ಲಿಯೇ ಪಾಠ ಹೇಳಿದ ಷ. ಶೆಟ್ಟರ್ ಒಂದು ಹೆಜ್ಜೆ ಮುಂದೆ ಹೋದರು. ಶಾಸನ ಏನು ಹೇಳುತ್ತದೆಂಬಲ್ಲಿಗೆ ನಿಲ್ಲದೆ, ಅದನ್ನು ಬರೆದ ಕೈ ಯಾರದು, ಕಡೆದ ಕೈ ಯಾರದು ಎಂದು ಕೇಳಿದರು. ಹಳಗನ್ನಡದ ಲಿಪಿ ಮತ್ತು ಲಿಪಿಕಾರರನ್ನು ಕುರಿತ ಅವರ ಪುಸ್ತಕ ಆ ಪ್ರಶ್ನೆಯ ಫಲ.

ಆದರೆ ಆ ಪ್ರಶ್ನೆ ಕೃಷ್ಣೆ-ಘಟಪ್ರಭೆಯರ ನಡುವಿನ ಈ ಸೀಮೆಯ ಇತ್ತೀಚಿನ ಮುನ್ನೂರು ವರ್ಷಗಳತ್ತ ಹೊರಳಲಿಲ್ಲ. ಕಾರಣವೂ ಇದೆ. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು. ರಬಕವಿ, ತೇರದಾಳ ಸಾಂಗ್ಲಿಗೆ ಸೇರಿದ್ದರೆ ಕೂಗಳತೆಯ ಬನಹಟ್ಟಿ ಜಮಖಂಡಿಗೆ ಸೇರಿತ್ತು. ಸಂಸ್ಥಾನಗಳ ದಫ್ತರವೆಲ್ಲ ಮರಾಠಿ, ಬಹುಪಾಲು ಮೋಡಿ ಲಿಪಿ. ಮೀರಜಿನ ವಾಸುದೇವಶಾಸ್ತ್ರಿ ಖರೆಯವರು ಪಟವರ್ಧನರ ಕಾಗದಪತ್ರಗಳನ್ನು ಸಂಪುಟ ಸಂಪುಟವಾಗಿ ಮರಾಠಿಯಲ್ಲಿ ಹೊರತಂದರು. ಘೋರ್ಪಡೆ ಮನೆತನದ ಚರಿತ್ರೆಯನ್ನು ದ.ವಿ. ಆಪಟೆ ಮರಾಠಿಯಲ್ಲೇ ಬರೆದರು. ಆ ಮನೆತನದ ಬಹಮನಿ ಕಾಲದ ಫರ್ಮಾನುಗಳು ಅಸಲಿಯೇ ಎಂಬ ಜಗಳವೂ ಮರಾಠಿ ವಿದ್ವಾಂಸರ ನಡುವೆಯೇ ಹೆಚ್ಚಾಗಿ ನಡೆಯಿತು. ಹೀಗೆ ಕನ್ನಡದ ಊರುಗಳ ಚರಿತ್ರೆ ಪರಭಾಷೆಯ ಕಪಾಟಿನಲ್ಲಿ ಉಳಿಯಿತು. ರನ್ನನ ಮುದುವೊಳಲು ನಮಗೆ ಬಾಯಿಪಾಠ, ಆದರೆ 1948ರ ವಿಲೀನದ ತನಕ ಅದೇ ಮುಧೋಳದ ರೈತ ಎಷ್ಟು ತೆರಿಗೆ ಕಟ್ಟುತ್ತಿದ್ದನೆಂದು ಕೇಳಿದರೆ ಉತ್ತರಕ್ಕೆ ತಡಕಾಡುತ್ತೇವೆ.

ಬೀಳಗಿಯ ಪಾಡು ಬೇರೆ. ಉತ್ತರ ಕನ್ನಡದ ಸಿದ್ದಾಪುರದ ಬಳಿ ಇನ್ನೊಂದು ಬಿಳಗಿ ಇದೆ, ಅದಕ್ಕೆ ಅರಸು ಮನೆತನವಿತ್ತು, ರತ್ನತ್ರಯ ಬಸದಿ ಇದೆ. ಚರಿತ್ರೆಯಲ್ಲಿ ಆ ಹೆಸರು ಬಂದಾಗ ಓದುವವರು ಅಲ್ಲಿಗೇ ಹೋಗುತ್ತಾರೆ. ನಮ್ಮ ಬೀಳಗಿಯ ಅರೆತ್ತಿನ ಬಾವಿ ಪ್ರವಾಸಿಗರ ಫೋಟೊಗಷ್ಟೇ ಸಿಕ್ಕಿದೆ.

ಹಲಗಲಿಗೆ ಮತ್ತೆ ಬರುತ್ತೇನೆ. 1857ರ ನಿಶ್ಶಸ್ತ್ರೀಕರಣ ಕಾಯಿದೆಗೆ ಬೇಡರು ತಲೆಬಾಗಲಿಲ್ಲ. ನವೆಂಬರ್ ಕೊನೆಯಲ್ಲಿ ದಂಡು ಬಂದು ಊರು ಸುಟ್ಟಿತು, ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು. ಸ್ವಾತಂತ್ರ್ಯ ಹೋರಾಟದ ಸಂಪುಟಗಳು ಈ ಘಟನೆಗೆ ಸ್ಥಾನ ಕೊಟ್ಟಿವೆ, ಸರಿ. ಆದರೆ ಬೇಟೆ ಮತ್ತು ಕಾವಲನ್ನೇ ನಂಬಿದವನ ಕೈಯಿಂದ ಆಯುಧ ಕಿತ್ತುಕೊಂಡರೆ ಅವನ ಮನೆಯ ಒಲೆ ಏನಾಗುತ್ತದೆಂಬ ಪ್ರಶ್ನೆಯನ್ನು ನಮ್ಮ ಇತಿಹಾಸ ವಿಭಾಗಗಳು ಗಟ್ಟಿಯಾಗಿ ಕೇಳಲಿಲ್ಲ. ಲಾವಣಿ ಕನ್ನಡ ವಿಭಾಗದ ಪಾಲಾಯಿತು, ಜಾನಪದವಾಯಿತು, ಪಠ್ಯವಾಯಿತು. ಸಾಕ್ಷಿಯಾಗಲಿಲ್ಲ.

ರಬಕವಿ-ಬನಹಟ್ಟಿಯಲ್ಲಿ ಈ ಕೊರತೆ ಇನ್ನೂ ಚುಚ್ಚುತ್ತದೆ. ಕುಣಿಮಗ್ಗದಿಂದ ವಿದ್ಯುತ್ ಮಗ್ಗಕ್ಕೆ ಬಂದ ಊರಿದು. ನೂಲು ಕೊಟ್ಟು ಸೀರೆ ಪಡೆದ ಸಾವುಕಾರ, ಕೂಲಿ ಲೆಕ್ಕದಲ್ಲಿ ಮುಂಗಡ ಮುರಿಸಿಕೊಂಡ ನೇಕಾರ, ಕಂಡಿಕೆ ಸುತ್ತಿದ ಹೆಣ್ಣುಮಗಳು, ಇವರ ಚರಿತ್ರೆ ಇರುವುದು ಕೆಂಪು ಬಟ್ಟೆಯ ರಟ್ಟಿನ ಖಾತೆಪುಸ್ತಕಗಳಲ್ಲಿ. ಕಂಡಿಕೆ ಸುತ್ತಿದವಳ ಹೆಸರು ಅಲ್ಲಿಯೂ ಇರಲಿಕ್ಕಿಲ್ಲ. ಅದಕ್ಕೇ ಬದುಕಿರುವ ಅಜ್ಜಿಯರ ಮಾತನ್ನು ದಾಖಲಿಸಬೇಕು. ಆ ಕೆಲಸಕ್ಕೆ ಶಾಸನತಜ್ಞನಷ್ಟೇ ತಾಳ್ಮೆ ಬೇಕು.

ಜಮಖಂಡಿಯಲ್ಲಿ ಈಗ ಬಾಗಲಕೋಟೆ ವಿಶ್ವವಿದ್ಯಾಲಯವಿದೆ. 2025ರಲ್ಲಿ ಅದನ್ನೂ ಸೇರಿಸಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಸರ್ಕಾರದ ಮಟ್ಟದಲ್ಲೇ ಬಂತು. ಮುಚ್ಚಬಾರದು. ಇಲ್ಲಿಯ ಇತಿಹಾಸದ ವಿದ್ಯಾರ್ಥಿಗೆ ಮೋಡಿ ಕಲಿಸಿ, ಕೊಲ್ಹಾಪುರ, ಪುಣೆಯ ದಫ್ತರಗಳಿಗೆ ಕಳಿಸಿ. ಮರಳಿ ಬಂದು ಅವನು ಬನಹಟ್ಟಿಯ ಓಣಿಯಲ್ಲಿ ಕೂತು ಕನ್ನಡದಲ್ಲಿ ಬರೆಯಲಿ. ಅಟ್ಟದ ಮೇಲೆ ಅಜ್ಜನ ಖಾತೆಪುಸ್ತಕ ಇಟ್ಟುಕೊಂಡಿರುವ ನೇಕಾರ ಮನೆಯವರೇ, ಈ ದೀಪಾವಳಿಯ ಸ್ವಚ್ಛತೆಯಲ್ಲಿ ಅದನ್ನು ರದ್ದಿಗೆ ಹಾಕಬೇಡಿ.